ಕುಡಿತ ಬಿಡಿಸುವ ಕೇಂದ್ರ ಆರಿಸುವ ಮುನ್ನ: ಮೈಸೂರು–ಮಂಡ್ಯದ ಸೇವೆಗಳ ವಿಮರ್ಶೆ

ಮೈಸೂರಿನಿಂದ ಮಂಡ್ಯದ ಕಡೆ ಹೊರಟರೆ ಹಳೇ ಗೋಡೆ, ಲೈಟುಕಂಬಗಳ ಮೇಲೆ ಎರಡು ಜಾತಿಯ ಜಾಹೀರಾತು ಕಣ್ಣಿಗೆ ಬೀಳುತ್ತವೆ. ಒಂದು, ‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ’. ಇನ್ನೊಂದು, ‘ಫೋನ್ ಮಾಡಿ, ನಾವೇ ಬಂದು ಕರೆದೊಯ್ಯುತ್ತೇವೆ’. ಈ ವಿಮರ್ಶೆಯಲ್ಲಿ ಎರಡಕ್ಕೂ ಸೊನ್ನೆ ಅಂಕ. ಕಾರಣ ಮುಂದೆ ಬರುತ್ತದೆ. ಮಿಕ್ಕವನ್ನು, ಅಂದರೆ ಮೆಡಿಕಲ್ ಕಾಲೇಜು ಆಸ್ಪತ್ರೆ, ತಿಂಗಳುಗಟ್ಟಲೆ ಇರಿಸಿಕೊಳ್ಳುವ ಪುನರ್ವಸತಿ ಕೇಂದ್ರ, ಮದ್ಯವರ್ಜನ ಶಿಬಿರ, ಎ.ಎ. (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಹೊರಟವರೇ ಒಬ್ಬರಿಗೊಬ್ಬರು ಆಸರೆಯಾಗುವ ಗುಂಪು) ಸಭೆ, ಫೋನ್ ಸಹಾಯವಾಣಿ ಇವೆಲ್ಲವನ್ನೂ ಒಂದೇ ಮೊಳದಲ್ಲಿ ಅಳೆದಿದ್ದೇವೆ: ಕುಡಿತವನ್ನೂ ಮನಸ್ಸಿನ ಕಾಯಿಲೆಯನ್ನೂ ಒಂದೇ ಫೈಲಿನಲ್ಲಿಟ್ಟು ನೋಡುತ್ತಾರೋ ಇಲ್ಲವೋ. ಕಟ್ಟಡ, ಕೈತೋಟ, ಎ.ಸಿ. ರೂಮು, ಯೋಗದ ಹಾಲ್ ಇವಕ್ಕೆ ಅಂಕ ಕೊಟ್ಟಿಲ್ಲ.

ಹೀಗೆ ಅಳೆಯುವುದಕ್ಕೆ ಕಾರಣವಿದೆ. 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಒಳರೋಗಿಯಾಗಿ ಸೇರಿದವರು 180ಕ್ಕೆ ಒಬ್ಬರು. ಅಷ್ಟು ಕಷ್ಟಪಟ್ಟು ಬಾಗಿಲು ತಟ್ಟಿದವರು ಮೂರು ತಿಂಗಳು ಕೇಂದ್ರದಲ್ಲಿದ್ದು, ಊರಿಗೆ ಬಂದು, ಬೀಗರೂಟದ ದಿನ ಮತ್ತೆ ಗ್ಲಾಸು ಹಿಡಿದಾಗ ಮನೆಯವರು ‘ಇವನಿಗೆ ಮನಸ್ಸಿಲ್ಲ ಬಿಡಿ’ ಎಂದು ಕೈಬಿಡುತ್ತಾರೆ. ಆತನಿಗೆ ಮೊದಲಿನಿಂದ ಇದ್ದ ಖಿನ್ನತೆಯನ್ನೋ ಗಾಬರಿಯ ಕಾಯಿಲೆಯನ್ನೋ ಆ ಮೂರು ತಿಂಗಳಲ್ಲಿ ಯಾರೂ ಕೇಳಿರುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಇಟ್ಟಿದೆ. ಕಾನೂನಿಗೆ ಅರ್ಥವಾದದ್ದು ಎಷ್ಟೋ ಕೇಂದ್ರಗಳಿಗೆ ಇನ್ನೂ ಆಗಿಲ್ಲ.

ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ

ಒಳ್ಳೆಯ ಕಡೆ ಕೇಳುವ ಮೊದಲ ಪ್ರಶ್ನೆ ‘ಎಷ್ಟು ವರ್ಷದಿಂದ’ ಎಂಬುದಲ್ಲ. ದಿನಕ್ಕೆ ಎಷ್ಟು ಎಂ.ಎಲ್., ಯಾವ ಬ್ರಾಂಡು, ಕೊನೆಯದಾಗಿ ಕುಡಿದದ್ದು ಎಷ್ಟು ಗಂಟೆಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ. ಈ ನಾಲ್ಕನ್ನು ಕೇಳದೆ ಅಡ್ವಾನ್ಸ್ ಎಷ್ಟು ಕಟ್ಟುತ್ತೀರಿ ಎಂದು ಕೇಳುವ ಜಾಗದಿಂದ ಎದ್ದು ಬನ್ನಿ.

ಲೆಕ್ಕ ಹಾಕುವ ಬಗೆ ಮನೆಯವರಿಗೂ ಗೊತ್ತಿರಲಿ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ ಸಾಮಾನ್ಯವಾಗಿ ಶೇ 42.8 ಆಲ್ಕೋಹಾಲ್. 180 ಎಂ.ಎಲ್.ನ ಒಂದು ಕ್ವಾರ್ಟರಿನಲ್ಲಿ 77 ಎಂ.ಎಲ್. ಶುದ್ಧ ಆಲ್ಕೋಹಾಲ್, ತೂಕದಲ್ಲಿ ಸುಮಾರು 61 ಗ್ರಾಂ. 10 ಗ್ರಾಂಗೆ ಒಂದು ಯೂನಿಟ್ ಎಂದರೆ ಕ್ವಾರ್ಟರಿಗೆ ಆರು ಯೂನಿಟ್. ಶೇ 8ರ ಸ್ಟ್ರಾಂಗ್ ಬಿಯರಿನ 650 ಎಂ.ಎಲ್. ಬಾಟಲಿ ನಾಲ್ಕು ಯೂನಿಟ್. ‘ಬರೀ ಬಿಯರ್ ಸಾರ್, ದಿನಾ ಮೂರು’ ಎನ್ನುವವರು ಎರಡು ಕ್ವಾರ್ಟರಿನವರ ಸಾಲಿಗೇ ಸೇರುತ್ತಾರೆ. ಈ ಲೆಕ್ಕ ಬಾಯಿಮಾತಿನ ಗದರಿಕೆಗಲ್ಲ. ಕುಡಿತ ನಿಲ್ಲಿಸುವ ದಿನ ಕೊಡಬೇಕಾದ ಮಾತ್ರೆಯ ಪ್ರಮಾಣವನ್ನು ವೈದ್ಯರು ಅಂದಾಜು ಮಾಡುವುದೇ ಇದರಿಂದ.

ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯೂ ಇದೆ. ಒಟ್ಟು 40 ಅಂಕ. 8 ಮುಟ್ಟಿದರೆ ಕುಡಿತ ಅಪಾಯದ ಮಟ್ಟಕ್ಕೆ ಬಂದಿದೆ, 20 ಮುಟ್ಟಿದರೆ ಅವಲಂಬನೆ ಇರಬಹುದು ಎಂದರ್ಥ. ಮೂರು ನಿಮಿಷದ ಕೆಲಸ. ಅದನ್ನು ತುಂಬಿಸಿಕೊಳ್ಳುವ ಕಡೆ ಮಿಕ್ಕದ್ದೂ ಸಾಮಾನ್ಯವಾಗಿ ಸರಿಯಾಗಿರುತ್ತದೆ.

ಐದು ದಿನದ ಗಂಡಾಂತರ

ಬೆಳಗ್ಗೆ ಎದ್ದ ಕೂಡಲೇ ಒಂದು ತೊಂಬತ್ತು ಇಳಿಸದಿದ್ದರೆ ಕೈ ನಿಲ್ಲದು ಎನ್ನುವ ಹಂತ ಮುಟ್ಟಿದವರು ಏಕಾಏಕಿ ನಿಲ್ಲಿಸಬಾರದು. ಕೊನೆಯ ಗುಟುಕಿನ ನಂತರ ಆರೇಳು ಗಂಟೆಗೆ ನಡುಕ, ಬೆವರು, ವಾಕರಿಕೆ ಶುರು. ಫಿಟ್ಸ್ ಬರುವುದಾದರೆ ಹೆಚ್ಚಾಗಿ 6ರಿಂದ 48 ಗಂಟೆಯೊಳಗೆ. 48ರಿಂದ 96 ಗಂಟೆಯ ನಡುವೆ ಡೆಲಿರಿಯಂ: ಗೋಡೆಯ ಮೇಲೆ ಹುಳ ಹರಿದಂತೆ ಕಾಣುವುದು, ಹೆಂಡತಿಯ ಗುರುತು ಸಿಗದಿರುವುದು, ಜ್ವರ, ಓಡುವ ನಾಡಿ. ಇದು ಜೀವ ತೆಗೆಯಬಲ್ಲದು.

ನಮ್ಮ ಕಡೆ ಈ ಗಂಡಾಂತರಕ್ಕೊಂದು ಋತುವೇ ಇದೆ. ಅಯ್ಯಪ್ಪನ ಮಾಲೆ ಹಾಕುವ ಕಾಲ. ‘ಮಾಲೆ ಹಾಕಿದ ದಿನದಿಂದ ಮುಟ್ಟಲ್ಲ’ ಎಂದು ದಿನಾ ಅರ್ಧ ಬಾಟಲಿ ಹಾಕುತ್ತಿದ್ದವರು ತಣ್ಣೀರು ಸ್ನಾನ ಮಾಡಿ ಅಂದಿಗೇ ನಿಲ್ಲಿಸುತ್ತಾರೆ. ಮೂರನೇ ದಿನ ತಡಬಡಾಯಿಸಿ ಮಾತಾಡಿದರೆ ಸುತ್ತಲಿನವರಿಗೆ ದೇವರು ಮೈಮೇಲೆ ಬಂದಂತೆ ಕಾಣುತ್ತದೆ. ಅದು ಡೆಲಿರಿಯಂ. ಮಾಲೆ ಹಾಕುವ ಮನಸ್ಸು ದೊಡ್ಡ ಬಂಡವಾಳ, ವ್ಯರ್ಥ ಮಾಡಬಾರದು: ಮಾಲೆಗೆ ಹತ್ತು ದಿನ ಮುಂಚೆ ಆಸ್ಪತ್ರೆಗೆ ಹೋಗಿ ಮಾತ್ರೆಯ ಆಸರೆಯಲ್ಲಿ ನಿಲ್ಲಿಸಿ, ಆಮೇಲೆ ಮಾಲೆ ಹಾಕಿಕೊಳ್ಳಲಿ. ಆ ನಲವತ್ತೊಂದು ದಿನ ಬೇರೆ ಯಾವ ಕೇಂದ್ರವೂ ಕೊಡಲಾಗದ ಕಾವಲು ಕೊಡುತ್ತದೆ. ಮಾಲೆ ತೆಗೆಯುವ ದಿನಕ್ಕೆ ಮಾತ್ರ ಮೊದಲೇ ಒಂದು ಏರ್ಪಾಡು ಬೇಕು, ಜಾರುವುದು ಅಂದೇ.

ಈ ಐದು ದಿನವನ್ನು ದಾಟಿಸುವ ಔಷಧಿ ಕ್ಲೋರ್‌ಡೈಯಾಜೆಪಾಕ್ಸೈಡ್. ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್, ಏಕೆಂದರೆ ಅದನ್ನು ಕರಗಿಸಲು ಲಿವರಿಗೆ ಅಷ್ಟು ಶ್ರಮವಿಲ್ಲ. ಮೊದಲ ದಿನ ಹೆಚ್ಚು ಪ್ರಮಾಣ, ಆಮೇಲೆ ದಿನದಿನಕ್ಕೆ ಇಳಿಸಿ ಐದರಿಂದ ಏಳು ದಿನಕ್ಕೆ ನಿಲ್ಲಿಸಬೇಕು. ಚೆನ್ನಾಗಿ ನಡೆಯುವ ವಾರ್ಡಿನಲ್ಲಿ ನರ್ಸ್ ಕೆಲವು ಗಂಟೆಗೊಮ್ಮೆ ಬಂದು ಕೈ ಚಾಚಿಸಿ ನಡುಕ ನೋಡುತ್ತಾರೆ, ಬೆವರು ನೋಡುತ್ತಾರೆ, ‘ಏನಾದರೂ ಕಾಣ್ತಿದೆಯಾ, ಕೇಳಿಸ್ತಿದೆಯಾ’ ಎಂದು ಕೇಳಿ 67 ಅಂಕದ ಒಂದು ಚಾರ್ಟು ತುಂಬುತ್ತಾರೆ. ಹತ್ತರೊಳಗಿದ್ದರೆ ಆರಾಮ, ಹದಿನೈದು ದಾಟಿದರೆ ಎಚ್ಚರ. ಆ ಚಾರ್ಟು ಮಂಚದ ತುದಿಯಲ್ಲಿದೆಯೇ ನೋಡಿ.

ಇಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ. ಒಂದು, ಸುಸ್ತಾಗಿದ್ದಾನೆಂದು ಊರಿನ ಕ್ಲಿನಿಕ್ಕಿನಲ್ಲಿ ನೇರ ಗ್ಲೂಕೋಸ್ ಬಾಟಲಿ ಏರಿಸುವುದು. ವರ್ಷಗಟ್ಟಲೆ ಕುಡಿದ ಮೈಯಲ್ಲಿ ಥಯಾಮಿನ್, ಅಂದರೆ ಬಿ-1, ಬರಿದಾಗಿರುತ್ತದೆ. ಗ್ಲೂಕೋಸ್ ಇದ್ದಬದ್ದದ್ದನ್ನೂ ಹೀರಿಕೊಂಡು ಮಿದುಳಿಗೆ ಪೆಟ್ಟು ಕೊಡಬಹುದು. ಥಯಾಮಿನ್ ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ. ಮಾತ್ರೆಯಲ್ಲಿ ಕೊಟ್ಟರೆ ಇವರ ಕರುಳಿಗೆ ಅದನ್ನು ಹೀರುವ ಶಕ್ತಿ ಕಡಿಮೆ, ಆದ್ದರಿಂದ ಮೊದಲ ದಿನಗಳಲ್ಲಿ ಇಂಜೆಕ್ಷನ್ನೇ ಬೇಕು. ನಡಿಗೆ ತೂರಾಡುವುದು, ಕಣ್ಣುಗುಡ್ಡೆ ಅದುರುವುದು, ಗೊಂದಲ ಇವು ಕುಡಿಯದೆಯೂ ಕಂಡರೆ ತಡಮಾಡಬೇಡಿ. ಎರಡು, ಕೂಗಾಡುತ್ತಾನೆಂದು ಹ್ಯಾಲೊಪೆರಿಡಾಲ್ ಎಂಬ ಮನೋರೋಗದ ಔಷಧಿಯೊಂದನ್ನೇ ಚುಚ್ಚಿ ಮಲಗಿಸುವುದು. ಅದು ಫಿಟ್ಸ್ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಮೂರು, ‘ಫಿಟ್ಸ್ ಬಂದಿತ್ತಲ್ಲ’ ಎಂದು ಮೂರ್ಛೆರೋಗದ ಮಾತ್ರೆ ಫೆನಿಟಾಯಿನ್ ಬರೆದು ಮನೆಗೆ ಕಳಿಸುವುದು. ಕುಡಿತ ನಿಂತಾಗ ಬರುವ ಫಿಟ್ಸನ್ನು ಅದು ತಡೆಯದು.

ಪುನರ್ವಸತಿ ಕೇಂದ್ರಗಳ ವಿಚಾರಕ್ಕೆ ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ: ರಾತ್ರಿ ಡಾಕ್ಟರಿಲ್ಲದ, ಆಕ್ಸಿಜನ್ ಇಲ್ಲದ ಮನೆಯೊಂದರಲ್ಲಿ ಈ ಐದು ದಿನ ಕಳೆಯುವುದು ಜೂಜು.

ಬಾಟಲಿಯ ಹಿಂದೆ ಏನಿದೆ

ಇನ್ನು ನಿಜವಾದ ಪರೀಕ್ಷೆ. ಕುಡಿಯುವವರಲ್ಲಿ ಬಹಳ ಮಂದಿ ಮಂಕಾಗಿರುತ್ತಾರೆ, ನಿದ್ದೆಯಿಲ್ಲ, ಸಾಯಬೇಕೆನಿಸುತ್ತದೆ ಎನ್ನುತ್ತಾರೆ. ಇದು ಕುಡಿತದಿಂದ ಬಂದದ್ದೋ, ಇದಕ್ಕಾಗಿ ಕುಡಿತ ಬಂದದ್ದೋ? ಅಂದೇ ಹೇಳಲಾಗದು. ಮದ್ಯವೇ ತಂದ ಮಂಕು ಕುಡಿತ ಬಿಟ್ಟ ಎರಡರಿಂದ ನಾಲ್ಕು ವಾರದಲ್ಲಿ ಬಹುಮಟ್ಟಿಗೆ ತಾನೇ ತಿಳಿಯಾಗುತ್ತದೆ. ಅದಕ್ಕೇ ಅನುಭವಸ್ಥ ಮನೋವೈದ್ಯರು ಮೊದಲ ದಿನವೇ ಖಿನ್ನತೆಯ ಮಾತ್ರೆ ಬರೆಯಲು ಆತುರಪಡುವುದಿಲ್ಲ. ಮೂರನೇ ನಾಲ್ಕನೇ ವಾರಕ್ಕೆ ಕರೆಸಿ ಮತ್ತೆ ಅಳೆಯುತ್ತಾರೆ. ಆದರೆ ಆತ್ಮಹತ್ಯೆಯ ಯೋಚನೆ ಇದ್ದರೆ, ಕುಡಿತ ಶುರುವಾಗುವ ಮುಂಚೆಯೇ ಖಿನ್ನತೆ ಇದ್ದರೆ, ಅಥವಾ ಹಿಂದೆ ಆರು ತಿಂಗಳು ಮುಟ್ಟದಿದ್ದಾಗಲೂ ಮಂಕು ಕವಿದಿದ್ದರೆ ಕಾಯುವ ಮಾತಿಲ್ಲ.

ಇದನ್ನು ಬಿಡಿಸಿ ನೋಡಲು ಒಂದು ಸರಳ ಉಪಾಯವಿದೆ. ಹಾಳೆಯ ನಡುವೆ ಒಂದು ಗೆರೆ ಎಳೆದು ವಯಸ್ಸು ಬರೆಯಿರಿ. ಗೆರೆಯ ಮೇಲೆ ಕುಡಿತದ ಇತಿಹಾಸ: ಮೊದಲ ಗುಟುಕು, ದಿನಾ ಕುಡಿಯತೊಡಗಿದ್ದು, ಬೆಳಗ್ಗೆಯೂ ಬೇಕಾದದ್ದು, ಬಿಟ್ಟ ತಿಂಗಳುಗಳು. ಗೆರೆಯ ಕೆಳಗೆ ಮನಸ್ಸಿನದು: ಪರೀಕ್ಷೆಯ ಭಯಕ್ಕೆ ಕಾಲೇಜು ಬಿಟ್ಟದ್ದು, ಅಪ್ಪ ತೀರಿಕೊಂಡ ವರ್ಷ, ಬೋರ್‌ವೆಲ್ ಸಾಲ, ಮೂರು ದಿನ ಮಲಗದೆ ಊರೆಲ್ಲ ಸುತ್ತಿ ಹಣ ಹಂಚಿದ್ದು. ಮೇಲಿನದು ಮೊದಲೋ ಕೆಳಗಿನದು ಮೊದಲೋ ಹತ್ತು ನಿಮಿಷದಲ್ಲಿ ಹಾಳೆಯೇ ಹೇಳುತ್ತದೆ. ಈ ಗೆರೆಯನ್ನು ತಾವಾಗಿಯೇ ಎಳೆಸುವ ಕೌನ್ಸೆಲರಿಗೆ ನಮ್ಮ ಪೂರ್ತಿ ಅಂಕ. ಯಾರೂ ಎಳೆಸದಿದ್ದರೆ ನೀವೇ ಮನೆಯಲ್ಲಿ ಎಳೆದುಕೊಂಡು ಹೋಗಿ. ಡಾಕ್ಟರು ಥ್ಯಾಂಕ್ಸ್ ಹೇಳುತ್ತಾರೆ.

ಆ ‘ಮೂರು ದಿನ ಮಲಗದೆ ಹಣ ಹಂಚಿದ್ದು’ ಮುಖ್ಯ. ಅದು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಖಿನ್ನತೆಗೂ ಒಮ್ಮೆ ಉನ್ಮಾದಕ್ಕೂ ಹೊರಳುವ ಕಾಯಿಲೆಯ ಉನ್ಮಾದದ ಹಂತವಿರಬಹುದು. ಅದನ್ನು ಕೇಳದೆ ಖಿನ್ನತೆಯ ಮಾತ್ರೆ ಮಾತ್ರ ಕೊಟ್ಟರೆ ಉನ್ಮಾದ ಕೆರಳಬಹುದು. ಈ ಕಾಯಿಲೆಗೆ ಲಿಥಿಯಂ ಮಾತ್ರೆ ನುಂಗುತ್ತಿರುವವರು ಕುಡಿದು ವಾಂತಿ ಮಾಡಿ ಮೈಯ ನೀರು ಕಳೆದುಕೊಂಡರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗುತ್ತದೆ. ಈ ಎಚ್ಚರಿಕೆಯನ್ನು ಮನೆಯವರಿಗೆ ಕೊಡದ ಕಡೆ ಚಿಕಿತ್ಸೆ ಅರ್ಧವೇ.

ಜನರೆದುರು ಮಾತಾಡಲು ಬೆವರುವವರು, ಮದುವೆಮನೆಗೆ ಹೋಗಲು ಹೆದರುವವರು ‘ಒಂದು ಹಾಕಿದರೆ ಧೈರ್ಯ ಬರುತ್ತೆ’ ಎಂದು ಶುರು ಮಾಡಿರುತ್ತಾರೆ. ಇವರನ್ನು ಮೂವತ್ತು ಜನರ ಗುಂಪಿನಲ್ಲಿ ನಿಲ್ಲಿಸಿ ‘ನಿನ್ನ ತಪ್ಪು ಹೇಳು’ ಎನ್ನುವ ಕೇಂದ್ರ ಗಾಯದ ಮೇಲೆ ಬರೆ ಎಳೆಯುತ್ತದೆ. ಇವರಿಗೆ ಒಬ್ಬೊಬ್ಬರದೇ ಸಿಟ್ಟಿಂಗ್ ಬೇಕು.

ಹೆಂಡತಿಯ ಮೇಲಿನ ಸಂಶಯವನ್ನು ನಮ್ಮಲ್ಲಿ ‘ಕುಡುಕನ ಬುದ್ಧಿ’ ಎಂದು ತಳ್ಳಿಹಾಕುತ್ತಾರೆ. ಕುಡಿತ ಬಿಟ್ಟ ಮೇಲೂ ಫೋನ್ ಪರೀಕ್ಷಿಸುವುದು, ಹಿಂಬಾಲಿಸುವುದು, ಮಗು ತನ್ನದಲ್ಲ ಎನ್ನುವುದು ನಿಲ್ಲದಿದ್ದರೆ ಅದು ಬೇರೆಯೇ ಕಾಯಿಲೆ. ಅದಕ್ಕೆ ಬೇರೆ ಔಷಧಿ ಬೇಕು, ಆ ಹೆಂಗಸಿನ ಸುರಕ್ಷತೆಯ ಏರ್ಪಾಡೂ ಬೇಕು. ದಾಖಲಿಸುವಾಗ ಪತ್ನಿಯನ್ನು ಬೇರೆ ಕೂರಿಸಿ ಮಾತಾಡಿಸುವ ಆಸ್ಪತ್ರೆಗಳಲ್ಲಿ ಮಾತ್ರ ಈ ವಿಷಯ ಹೊರಗೆ ಬರುತ್ತದೆ.

ಇನ್ನೊಂದು ಗುಂಡಿ ನಿದ್ದೆ. ಕುಡಿತ ಬಿಟ್ಟ ಮೇಲೆ ತಿಂಗಳುಗಟ್ಟಲೆ ನಿದ್ದೆ ಸರಿಹೋಗದಿರಬಹುದು. ಮೆಡಿಕಲ್ ಶಾಪಿನಲ್ಲಿ ಅಲ್‌ಪ್ರಜೋಲಾಮ್ ತಂದು ನುಂಗುವವರು ಒಂದು ಚಟ ಕೊಟ್ಟು ಇನ್ನೊಂದನ್ನು ಕೊಂಡುತರುತ್ತಾರೆ. ಅದರ ಮೇಲೆ ಕುಡಿದರೆ ಉಸಿರೇ ನಿಲ್ಲಬಹುದು.

ಯಾವ ಬಾಗಿಲು

ನಡುಕ, ಫಿಟ್ಸ್, ಕಾಮಾಲೆ, ಡೆಲಿರಿಯಂ ಇವುಗಳಲ್ಲಿ ಒಂದಾದರೂ ಇದ್ದರೆ, ಅಥವಾ ಹಿಂದೆ ಬಂದಿದ್ದರೆ, ಮೊದಲ ಬಾಗಿಲು ಮೆಡಿಕಲ್ ಕಾಲೇಜು ಆಸ್ಪತ್ರೆಯೇ. ಮೈಸೂರಿನಲ್ಲಿ ಸರ್ಕಾರಿ ಕೆ.ಆರ್. ಆಸ್ಪತ್ರೆ, 1924ರಲ್ಲಿ ಆರಂಭವಾದ ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿದ್ದು, ಸಿಟಿ ಬಸ್ ಸ್ಟಾಂಡಿನಿಂದ ನಡೆದೇ ಹೋಗಬಹುದು. ಖಾಸಗಿಯಲ್ಲಿ ಮಹಾತ್ಮ ಗಾಂಧಿ ರಸ್ತೆಯ ಜೆಎಸ್‌ಎಸ್ ಆಸ್ಪತ್ರೆ. ಮಂಡ್ಯದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಮಿಮ್ಸ್. ಮೂರರಲ್ಲೂ ಮನೋವೈದ್ಯ ವಿಭಾಗವಿದೆ. ಇಂಥ ಆಸ್ಪತ್ರೆಗಳ ದೊಡ್ಡ ಬಲ ಒಂದೇ ಸೂರು: ಮನೋವೈದ್ಯರು, ಫಿಸಿಷಿಯನ್, ಲ್ಯಾಬು, ಐ.ಸಿ.ಯು. ರಾತ್ರಿ ಎರಡಕ್ಕೆ ಫಿಟ್ಸ್ ಬಂದರೆ ಆಂಬುಲೆನ್ಸ್ ಹುಡುಕಬೇಕಿಲ್ಲ. ದೊಡ್ಡ ಆಸ್ಪತ್ರೆಯ ಓಪಿಡಿ ಎಂದರೆ ಜನಜಂಗುಳಿ ಇದ್ದದ್ದೇ, ಒಬ್ಬೊಬ್ಬರಿಗೆ ಸಿಗುವ ಸಮಯ ಕಡಿಮೆ. ಇದಕ್ಕೆ ಮದ್ದು ನಿಮ್ಮ ಕೈಯಲ್ಲೇ ಇದೆ: ಒಂದು ಹಾಳೆಯಲ್ಲಿ ದಿನದ ಪ್ರಮಾಣ, ಕೊನೆಯ ಗುಟುಕಿನ ಸಮಯ, ಹಿಂದಿನ ಫಿಟ್ಸ್, ಈಗ ನುಂಗುತ್ತಿರುವ ಮಾತ್ರೆಗಳ ಖಾಲಿ ಶೀಟು, ಮೇಲೆ ಹೇಳಿದ ಗೆರೆಯ ಚಿತ್ರ. ಆಧಾರ್, ರೇಷನ್ ಕಾರ್ಡು ಜೊತೆಗಿರಲಿ. ಕುಡಿತವನ್ನು ಮನೆಯಲ್ಲೇ ನಿಲ್ಲಿಸಿ, ನಡುಗಿಸುತ್ತಾ ಕರೆತಂದು ಸಾಲಿನಲ್ಲಿ ಕೂರಿಸಬೇಡಿ. ನಡುಕ ಶುರುವಾಗಿದ್ದರೆ ಓಪಿಡಿ ಚೀಟಿಗೆ ಕಾಯದೆ ನೇರ ಕ್ಯಾಶುವಾಲ್ಟಿಗೆ ಹೋಗಿ. ಅಂಕ ಹತ್ತಕ್ಕೆ ಎಂಟು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. ಎಲ್ಲರೂ ಅಲ್ಲಿಗೆ ಓಡಬೇಕಿಲ್ಲ. ಇಲ್ಲಿ ಎರಡು ಮೂರು ಸಲ ಚಿಕಿತ್ಸೆ ಪಡೆದೂ ಮರಳಿ ಬಿದ್ದವರು, ಎರಡು ಮೂರು ಮಾನಸಿಕ ಕಾಯಿಲೆ ಒಟ್ಟಿಗೆ ಸುತ್ತಿಕೊಂಡವರು ಹೋಗಲಿ. ಪದೇ ಪದೇ ಬಸ್ಸು ಹತ್ತಬೇಕಾದ ಚಿಕಿತ್ಸೆ ಮೂರನೇ ತಿಂಗಳಿಗೆ ನಿಂತುಹೋಗುತ್ತದೆ. ಮಳವಳ್ಳಿ, ನಾಗಮಂಗಲದವರಿಗೆ ಮಂಡ್ಯವೇ ಮೇಲು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸಿಕೊಂಡರೆ ಮುಂದಿನ ಮಾತ್ರೆಗಳಿಗೆ ಅಷ್ಟು ದೂರವೂ ಬೇಡ.

ಇನ್ನು ಖಾಸಗಿ ಪುನರ್ವಸತಿ ಕೇಂದ್ರಗಳು. ಒಂದಕ್ಕೊಂದು ಅಜಗಜಾಂತರ, ಆದ್ದರಿಂದ ಒಟ್ಟಾರೆ ಅಂಕ ಕೊಡಲಾಗದು. ಆದರೆ ಹಣ ಕಟ್ಟುವ ಮುಂಚೆ ಆ 2017ರ ಕಾಯ್ದೆಯನ್ನು ಕೈಯಲ್ಲಿ ಹಿಡಿದು ನೋಡಬಹುದು. ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಇದೆಯೇ, ಪ್ರಮಾಣಪತ್ರ ತೋರಿಸಿ ಎನ್ನಿ. ಮನೋವೈದ್ಯರು ವಾರಕ್ಕೆ ಎಷ್ಟು ದಿನ, ಯಾವ ಹೊತ್ತಿಗೆ ಬರುತ್ತಾರೆ? ‘ಆನ್ ಕಾಲ್’ ಎಂದರೆ ಬರುವುದಿಲ್ಲ ಎಂದೇ ತಿಳಿಯಿರಿ. ರೋಗಿಯ ತಲೆ ಬೋಳಿಸುತ್ತಾರೆಯೇ, ಯೂನಿಫಾರಂ ಹಾಕಲೇಬೇಕೆನ್ನುತ್ತಾರೆಯೇ, ಅಡುಗೆ–ಕಸಗುಡಿಕೆ ಬಲವಂತವಾಗಿ ಮಾಡಿಸುತ್ತಾರೆಯೇ? ಕಾಯ್ದೆಯ 20ನೇ ಸೆಕ್ಷನ್ ಇವಿಷ್ಟನ್ನೂ ಬೇಡವೆನ್ನುತ್ತದೆ. ‘ಮೊದಲ ತಿಂಗಳು ಮನೆಯವರು ಮಾತಾಡುವಂತಿಲ್ಲ’ ಎಂಬುದು ಅನೇಕ ಕಡೆ ಕೇಳುವ ನಿಯಮ. ಫೋನ್ ಮಾಡುವ, ಭೇಟಿಯಾಗುವ ಹಕ್ಕು 26ನೇ ಸೆಕ್ಷನ್ನಿನಲ್ಲಿದೆ.

ಮನೆಗೇ ಬಂದು ಎತ್ತಿಕೊಂಡು ಹೋಗುವ ಸೇವೆಗೆ ಸೊನ್ನೆ ಕೊಟ್ಟದ್ದು ಇದೇ ಕಾಯ್ದೆಯ ಆಧಾರದಲ್ಲಿ. ವ್ಯಕ್ತಿಯ ಒಪ್ಪಿಗೆಯಿಲ್ಲದೆ ದಾಖಲಿಸಬೇಕಾದರೆ 89ನೇ ಸೆಕ್ಷನ್ನಿನ ದಾರಿಯೊಂದಿದೆ: ತನಗೋ ಇತರರಿಗೋ ಅಪಾಯ ಮಾಡುವ, ಅಥವಾ ತನ್ನನ್ನೇ ನೋಡಿಕೊಳ್ಳಲಾಗದ ಸ್ಥಿತಿ ಇರಬೇಕು, ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ವೈದ್ಯರೋ ಮಾನಸಿಕ ಆರೋಗ್ಯ ತಜ್ಞರೋ ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು, ಅವಧಿ 30 ದಿನದೊಳಗೆ, ಇಂಥ ದಾಖಲಾತಿಗಳನ್ನು ಪರಿಶೀಲಿಸುವ ಮಾನಸಿಕ ಆರೋಗ್ಯ ಮಂಡಳಿಗೆ ಏಳು ದಿನದಲ್ಲಿ, ಹೆಂಗಸರಾದರೆ ಮೂರು ದಿನದಲ್ಲಿ ತಿಳಿಸಬೇಕು. ಟಾಟಾ ಸುಮೋದಲ್ಲಿ ಬರುವ ನಾಲ್ಕು ಕಟ್ಟುಮಸ್ತು ಹುಡುಗರು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಅದೂ ಅಲ್ಲದೆ, ಕುಡಿದಿರುವಾಗಲೇ ಎಳೆದೊಯ್ದವರಿಗೆ ಆ ಐದು ದಿನದ ಗಂಡಾಂತರ ಡಾಕ್ಟರಿಲ್ಲದ ಜಾಗದಲ್ಲೇ ಶುರುವಾಗುತ್ತದೆ.

ಖರ್ಚಿನ ಮಾತು: ತಿಂಗಳ ಶುಲ್ಕದಲ್ಲಿ ಔಷಧಿ, ರಕ್ತಪರೀಕ್ಷೆ, ಮನೋವೈದ್ಯರ ಫೀಸು ಸೇರಿದೆಯೇ ಎಂದು ಬರೆಸಿಕೊಳ್ಳಿ. ವಿಮೆಯನ್ನು ನಂಬಿಕೊಂಡು ಸೇರಿಸಬೇಡಿ. ಮಾನಸಿಕ ಕಾಯಿಲೆಗೆ ವಿಮೆ ಕೊಡಬೇಕೆಂದು ಕಾಯ್ದೆ ಹೇಳಿದರೂ ಮದ್ಯ, ಮಾದಕವಸ್ತು ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಪಾಲಿಸಿಗಳಲ್ಲಿ ‘ಎಕ್ಸ್‌ಕ್ಲೂಷನ್ 12’ ಎಂಬ ಹೆಸರಿನಲ್ಲಿ ಕೂತಿರುತ್ತದೆ.

ಹಳ್ಳಿಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳನ್ನು ಹೀಯಾಳಿಸುವ ವೈದ್ಯರಿದ್ದಾರೆ, ನಾವು ಆ ಗುಂಪಿನವರಲ್ಲ. ಧರ್ಮಸ್ಥಳದ ಯೋಜನೆಯ ಜನಜಾಗೃತಿ ವೇದಿಕೆಯ ಶಿಬಿರಗಳು ಊರಿನ ಸಮುದಾಯಭವನದಲ್ಲೇ ನಡೆಯುತ್ತವೆ, ಮನೆಯವರನ್ನೂ ಕರೆಸುತ್ತಾರೆ, ಮುಗಿದ ಮೇಲೆ ನವಜೀವನ ಸಮಿತಿಯೆಂಬ ಗುಂಪು ಕಟ್ಟುತ್ತಾರೆ. ಊರಿನೆದುರು ಹಾರ ಹಾಕಿಸಿಕೊಂಡು ‘ಬಿಟ್ಟೆ’ ಎಂದವನಿಗೆ ಮಾರನೆಯ ದಿನ ಬಾರಿನ ಮೆಟ್ಟಿಲು ಎತ್ತರವಾಗುತ್ತದೆ. ಯಾವುದೇ ಶಿಬಿರವಾದರೂ ಕೇಳಬೇಕಾದ್ದು ಎರಡೇ: ಮೊದಲ ದಿನ ವೈದ್ಯರು ಪರೀಕ್ಷಿಸುತ್ತಾರೆಯೇ, ಫಿಟ್ಸ್ ಇತಿಹಾಸದವರನ್ನು ಆಸ್ಪತ್ರೆಗೆ ಕಳಿಸುತ್ತಾರೆಯೇ. ಈಗಾಗಲೇ ಮನೋರೋಗದ ಮಾತ್ರೆ ನುಂಗುತ್ತಿರುವವರು ‘ಶಿಬಿರದಲ್ಲಿ ಎಲ್ಲ ಬಿಟ್ಟೆ’ ಎಂದು ಅದನ್ನೂ ಬಿಟ್ಟುಬಿಡುತ್ತಾರೆ, ಹಾಗಾಗಬಾರದು.

ಎ.ಎ. ಸಭೆ ಪುಕ್ಕಟೆ, ಹೆಸರು ಹೇಳಬೇಕಿಲ್ಲ. ಅಲ್ಲಿ ಕೂತ ಯಾರಾದರೂ ಹಳಬರು ‘ಖಿನ್ನತೆಯ ಮಾತ್ರೆಯೂ ಒಂದು ನಶೆಯೇ’ ಎಂದರೆ ಆ ಸಲಹೆಯನ್ನು ಅಲ್ಲೇ ಬಿಟ್ಟು ಬನ್ನಿ.

ಫೋನಿನಲ್ಲಿ ಎರಡು ಸಂಖ್ಯೆ ಸೇವ್ ಮಾಡಿಕೊಳ್ಳಿ. 14416 ಟೆಲಿ-ಮನಸ್, 2022ರ ಅಕ್ಟೋಬರ್ 10ರಂದು ಶುರುವಾದದ್ದು, ದಿನದ 24 ಗಂಟೆ, ಕನ್ನಡದಲ್ಲಿ, ಉಚಿತ. 14446 ಮಾದಕವ್ಯಸನದ ರಾಷ್ಟ್ರೀಯ ಸಹಾಯವಾಣಿ. ರಾತ್ರಿ ಹನ್ನೊಂದಕ್ಕೆ ಸಾಯುವ ಮಾತು ಬಂದರೆ ಮೊದಲನೆಯದಕ್ಕೆ. ಫಿಟ್ಸ್ ಬಂದರೆ ಎರಡೂ ಬೇಡ, 108.

ಮಾತ್ರೆಗಳ ವಿಮರ್ಶೆ

‘ಗೊತ್ತಾಗದಂತೆ’ ಕೊಡುವ ಪುಡಿಯ ಬಗ್ಗೆ ಮೊದಲು. ಅದರಲ್ಲಿ ಬಹಳ ಸಲ ಇರುವುದು ಅರೆದ ಡೈಸಲ್ಫಿರಾಮ್ ಎಂಬ ಅನುಮಾನ ಇಟ್ಟುಕೊಂಡೇ ಮಾತಾಡಬೇಕು. ಆ ಮಾತ್ರೆ ಮೈಯಲ್ಲಿದ್ದಾಗ ಕುಡಿದರೆ ಹತ್ತರಿಂದ ಮೂವತ್ತು ನಿಮಿಷದಲ್ಲಿ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿ.ಪಿ. ಬಿದ್ದುಹೋಗುತ್ತದೆ. ಸಾರಿನಲ್ಲಿ ಬೆರೆಸಿದ್ದು ಅವರಿಗೆ ಗೊತ್ತಿಲ್ಲ, ಆದ್ದರಿಂದ ಎಂದಿನಂತೆ ಕುಡಿಯುತ್ತಾರೆ. ಹೃದ್ರೋಗವಿದ್ದವರು ಅಲ್ಲೇ ಹೋಗಬಹುದು. ಬದುಕಿ ಉಳಿದು ಗುಟ್ಟು ಗೊತ್ತಾದರೆ ಮನೆಯ ಊಟದ ಮೇಲೆ, ಹೆಂಡತಿಯ ಮೇಲೆ ಇದ್ದ ನಂಬಿಕೆ ಹೋಯಿತು. ಸಂಶಯದ ಕಾಯಿಲೆ ಮೊದಲೇ ಇದ್ದವನಿಗಂತೂ ‘ನನಗೆ ವಿಷ ಹಾಕುತ್ತಾರೆ’ ಎಂಬ ಭ್ರಮೆ ನಿಜವಾಗಿಬಿಡುತ್ತದೆ.

ಗೊತ್ತಿದ್ದು, ಒಪ್ಪಿ, ದಿನಾ ಬೆಳಗ್ಗೆ ಮನೆಯವರ ಎದುರು ನುಂಗಿದರೆ ಇದೇ 250 ಎಂ.ಜಿ. ಮಾತ್ರೆ ಒಳ್ಳೆಯ ಕಾವಲುಗಾರ, ಅಗ್ಗವೂ ಹೌದು. ಕೊನೆಯ ಗುಟುಕಿಗೆ ಕನಿಷ್ಠ 12 ಗಂಟೆ ಆದ ಮೇಲೆ ಮೊದಲ ಮಾತ್ರೆ. ನಿಲ್ಲಿಸಿದ ಮೇಲೂ ಎರಡು ವಾರ ಪರಿಣಾಮ ಉಳಿಯಬಹುದು. ಕೆಮ್ಮಿನ ಸಿರಪ್ಪು, ದಶಮೂಲಾರಿಷ್ಟದಂಥ ಅರಿಷ್ಟ–ಆಸವಗಳಲ್ಲೂ ಆಲ್ಕೋಹಾಲ್ ಇರುತ್ತದೆಂದು ನೆನಪಿರಲಿ. ಈ ಮಾತ್ರೆ ಮಿದುಳಿನ ಡೋಪಮೈನನ್ನು ಏರಿಸುವುದರಿಂದ ಸೈಕೋಸಿಸ್ (ಭ್ರಮೆ ಯಾವುದು, ನಿಜ ಯಾವುದು ತಿಳಿಯದ ಸ್ಥಿತಿ) ಇದ್ದವರಿಗೆ ಆಗದು. ಹೊಟ್ಟೆ ಕೆಟ್ಟಾಗ ಕೊಡುವ ಮೆಟ್ರೊನಿಡಜೋಲ್ ಜೊತೆ ಸೇರಿದರೆ ಇಲ್ಲದವರಿಗೂ ಭ್ರಮೆ ಬರಬಹುದು.

ನಾಲ್ಟ್ರೆಕ್ಸೋನ್ 50 ಎಂ.ಜಿ. ಕುಡಿತದ ಸುಖವನ್ನೇ ಮಂಕಾಗಿಸುತ್ತದೆ. ‘ಒಂದು ಹಾಕಿದರೆ ಹತ್ತು ಬೇಕು’ ಎನ್ನುವವರಿಗೆ ನಮ್ಮ ಮೊದಲ ಆಯ್ಕೆ. ಅಫೀಮು ಜಾತಿಯ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೆ ಕೊಡಬಾರದು. ಅಕಾಂಪ್ರೊಸೇಟ್ ಲಿವರಿಗೆ ಭಾರವಲ್ಲ, ಕಿಡ್ನಿ ಸರಿಯಿರಬೇಕು, 333 ಎಂ.ಜಿ.ಯ ಎರಡೆರಡು ಮಾತ್ರೆ ದಿನಕ್ಕೆ ಮೂರು ಹೊತ್ತು. ಗದ್ದೆಗೆ ಹೋಗುವವರು ಮಧ್ಯಾಹ್ನದ ಡೋಸು ಮರೆಯುತ್ತಾರೆ, ಬುತ್ತಿಯ ಜೊತೆ ಕಟ್ಟಿಕೊಡಬೇಕು. ಲಿವರ್ ಬಲವಾಗಿ ಕೆಟ್ಟವರಿಗೆ ಬ್ಯಾಕ್ಲೊಫೆನ್. ಅದನ್ನು ಒಮ್ಮೆಲೇ ನಿಲ್ಲಿಸಬಾರದು. ಯಾವುದೇ ಆದರೂ ಆರು ತಿಂಗಳಿಗೆ ಮುಂಚೆ ‘ಸರಿಹೋಯಿತಲ್ಲ’ ಎಂದು ಬಿಡುವುದು ಬೇಡ.

ಮಿಕ್ಕ ಚಟಗಳು, ಬೇಗ ಬೇಗ

ಬೀಡಿ–ಸಿಗರೇಟು ಬಿಡಲು 2 ಎಂ.ಜಿ., 4 ಎಂ.ಜಿ. ನಿಕೋಟಿನ್ ಗಮ್ ಇದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುವವರಿಗೆ 4. ಚೂಯಿಂಗ್ ಗಮ್ಮಿನಂತೆ ಅಗಿದರೆ ಬಿಕ್ಕಳಿಕೆ ಬರುತ್ತದಷ್ಟೆ. ನಾಲ್ಕು ಸಲ ಅಗಿದು, ಚುರುಗುಟ್ಟಿದಾಗ ಕೆನ್ನೆಯ ಸಂದಿಗೆ ಇಟ್ಟು, ಮತ್ತೆ ಅಗಿಯಬೇಕು, ಅರ್ಧ ಗಂಟೆ. ಹದಿನೈದು ನಿಮಿಷ ಮುಂಚೆ ಕಾಫಿ ಬೇಡ. ಭ್ರಮೆ, ಇಲ್ಲದ ದನಿ ಕಾಡುವ ಸ್ಕಿಜೋಫ್ರೀನಿಯಾ ಕಾಯಿಲೆಗೆ ಕ್ಲೋಜಪಿನ್ ಅಥವಾ ಓಲಾಂಜಪಿನ್ ನುಂಗುವವರು ಹೊಗೆ ಬಿಟ್ಟರೆ ರಕ್ತದಲ್ಲಿ ಆ ಔಷಧಿ ಏರುತ್ತದೆ, ಏಕೆಂದರೆ ಅದನ್ನು ಬೇಗ ಕರಗಿಸುತ್ತಿದ್ದದ್ದು ಹೊಗೆಯ ಟಾರು. ಬಿಡುವ ಮುಂಚೆ ಡಾಕ್ಟರಿಗೆ ಹೇಳಿ ಡೋಸು ಸರಿಮಾಡಿಸಿಕೊಳ್ಳಬೇಕು.

‘ಸೊಪ್ಪು’, ಅಂದರೆ ಗಾಂಜಾ, ಸೇದುವ ಹುಡುಗರಿಗೆ ಕಿವಿಯಲ್ಲಿ ಮಾತು ಕೇಳಿಸತೊಡಗಿದರೆ ಮೈಸೂರಿನ ಹಾಸ್ಟೆಲುಗಳಲ್ಲಿ ಅದನ್ನು ಪರೀಕ್ಷೆಯ ಟೆನ್ಷನ್ ಎನ್ನುತ್ತಾರೆ. ಕೆಲವರಲ್ಲಿ ಇದು ಮುಂದೆ ಸ್ಕಿಜೋಫ್ರೀನಿಯಾ ಆಗಿ ನಿಲ್ಲುತ್ತದೆ, ಆದ್ದರಿಂದ ಕಾಯಬೇಡಿ. ಪೊಲೀಸ್ ಕೇಸಿನ ಭಯಕ್ಕೆ ಆಸ್ಪತ್ರೆ ತಪ್ಪಿಸುವವರಿಗೆ: ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ತಾನಾಗಿ ಚಿಕಿತ್ಸೆಗೆ ಒಪ್ಪುವ ವ್ಯಸನಿಗೆ ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಅಫೀಮು ಜಾತಿಯ ನೋವಿನ ಮಾತ್ರೆ, ಇಂಜೆಕ್ಷನ್ ಚಟದವರಿಗೆ ಬೇರೆ ಅಪಾಯ: ಕೇಂದ್ರದಿಂದ ಹೊರಬಂದ ವಾರವೇ ಹಳೆಯ ಪ್ರಮಾಣವನ್ನು ತೆಗೆದುಕೊಂಡರೆ ಸಾವು. ಮೈ ತಾಳಿಕೆ ಕಳೆದುಕೊಂಡಿರುತ್ತದೆ. ಇವರಿಗೆ ಬರೀ ‘ಬಿಡಿಸಿ ಕಳಿಸುವುದು’ ಚಿಕಿತ್ಸೆಯೇ ಅಲ್ಲ; ಚಟದ ವಸ್ತುವಿನ ಬದಲಿಗೆ ನಾಲಿಗೆಯಡಿ ಇಡುವ ಔಷಧಿ ಬ್ಯುಪ್ರೆನಾರ್ಫಿನ್ ಮುಂದುವರಿಸುವ ಕಡೆಯೇ ಹೋಗಬೇಕು.

ಆನ್‌ಲೈನ್ ರಮ್ಮಿ, ಬೆಟ್ಟಿಂಗ್: 2025ರಲ್ಲಿ ಸಂಸತ್ತು ಹಣದ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿದರೂ ಚಟ ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಇಲ್ಲಿ ಕೌನ್ಸೆಲಿಂಗಿಗಿಂತ ಮೊದಲ ಕೆಲಸ ಬ್ಯಾಂಕಿನಲ್ಲಿ: ಯುಪಿಐ ಮಿತಿ ಇಳಿಸಿ, ಸಂಬಳದ ಖಾತೆಯನ್ನು ಜಂಟಿ ಮಾಡಿ, ಸಾಲದ ಆ್ಯಪುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿ. ಸಾಲದ ಪೂರ್ತಿ ಮೊತ್ತ ಮನೆಯಲ್ಲಿ ಬಯಲಾಗುವ ದಿನವೇ ಆತ್ಮಹತ್ಯೆಯ ಅಪಾಯ ಹೆಚ್ಚು, ಅಂದು ಒಬ್ಬರು ಜೊತೆಗಿರಬೇಕು. ಪಾರ್ಕಿನ್ಸನ್ಸ್‌ಗೆ ಪ್ರಮಿಪೆಕ್ಸೋಲ್ ನುಂಗುವ ಹಿರಿಯರು ಇದ್ದಕ್ಕಿದ್ದಂತೆ ಇಸ್ಪೀಟಿಗೆ ಬಿದ್ದರೆ ಚಾರಿತ್ರ್ಯ ಕೆಟ್ಟಿತೆನ್ನಬೇಡಿ, ಮಾತ್ರೆಯ ಅಡ್ಡಪರಿಣಾಮ ಇರಬಹುದು.

ಡಿಸ್ಚಾರ್ಜ್ ಚೀಟಿ

ಎಲ್ಲಿಂದಲೇ ಹೊರಬನ್ನಿ, ಕೈಯಲ್ಲಿರುವ ಹಾಳೆಯನ್ನು ಬಸ್ಸು ಹತ್ತುವ ಮುಂಚೆ ಓದಿ. ‘ಆಲ್ಕೋಹಾಲ್ ಡಿಪೆಂಡೆನ್ಸ್’ ಎಂದು ಒಂದೇ ಸಾಲು ಇದ್ದರೆ ವಾಪಸು ಹೋಗಿ ಕೇಳಿ: ಖಿನ್ನತೆ, ಗಾಬರಿ, ಬೈಪೋಲಾರ್, ಸಂಶಯ ಇವನ್ನು ನೋಡಿದಿರಾ, ಏನು ಕಂಡಿತು, ಬರೆಯಿರಿ. ಥಯಾಮಿನ್ ಎಷ್ಟು ದಿನ, ನಿದ್ದೆಯ ಮಾತ್ರೆ ಯಾವ ತಾರೀಕಿಗೆ ನಿಲ್ಲಬೇಕು, ಲಿವರ್ ಪರೀಕ್ಷೆ ಮತ್ತೆ ಯಾವಾಗ. ಮುಂದಿನ ಭೇಟಿ ‘ಬೇಕಾದರೆ ಬನ್ನಿ’ ಎಂದಿರಬಾರದು, ತಾರೀಕು ಇರಬೇಕು. ಮೊದಲನೆಯದು ಒಂದು ವಾರಕ್ಕೆ, ಮನಸ್ಸನ್ನು ಮತ್ತೆ ಅಳೆಯುವುದು ನಾಲ್ಕನೇ ವಾರಕ್ಕೆ. ಆ ತಿಂಗಳಲ್ಲಿ ಊರಲ್ಲಿ ಮಾರಿಹಬ್ಬ, ತಿಥಿ, ಬೀಗರೂಟ ಯಾವುದಿದೆ ಎಂದು ಕ್ಯಾಲೆಂಡರ್ ನೋಡಿ, ಭೇಟಿಯ ತಾರೀಕನ್ನು ಅದರ ಹಿಂದಿನ ದಿನಕ್ಕೆ ಹಾಕಿಸಿಕೊಳ್ಳಿ.